ತೊಟ್ಟಿಮನೆಗೆ ಬೆಳಕು: ಬ್ಲೆಂಡರ್‌ನಲ್ಲಿ ಯಾವ ಲೈಟು, ಎಲ್ಲಿ, ಎಷ್ಟು

ಊರಿನ ಹಳೆಯ ತೊಟ್ಟಿಮನೆಯನ್ನು ಕೆಡವುವ ಮಾತು ಬಂದಾಗ ಟೇಪು ಹಿಡಿದುಕೊಂಡು ಹೋಗಿ ಅಳತೆ ತೆಗೆದುಕೊಂಡು ಬಂದಿದ್ದೆ. ಕಂಬ, ತೊಲೆ, ಹಂಚು, ಜಗಲಿ, ಕೆಂಪು ನೆಲ ಎಲ್ಲವನ್ನೂ 3ಡಿ ಚಿತ್ರ ಮಾಡುವ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಕಟ್ಟಲು ಎರಡು ವಾರ ಸಾಕಾಯಿತು. ಬೆಳಕು ಬಿಡಲು ಎರಡು ತಿಂಗಳು ಹಿಡಿಯಿತು. ಕತ್ತಲೆ ಕಂಡ ಕಡೆಯೆಲ್ಲ ಒಂದೊಂದು ಲೈಟು ನೆಡುತ್ತ ಹೋಗಿ, ಕೊನೆಗೆ ಎಣಿಸಿದರೆ 23 ಇದ್ದವು. ಮನೆ ಮದುವೆ ಛತ್ರದ ಹಾಗೆ ಕಾಣುತ್ತಿತ್ತು. ಕಂಬದ ಬುಡದಲ್ಲಿ ಬಿದ್ದಿದ್ದ ಒಂದು ಅಡ್ಡನೆರಳು ಯಾವ ಲೈಟಿನದು ಎಂದು ಹುಡುಕಲು ಒಂದೊಂದನ್ನೇ ಆರಿಸುತ್ತ ಅರ್ಧ ರಾತ್ರಿ ಕಳೆದೆ.

ಈಗ ಅದೇ ಮನೆಯಲ್ಲಿ ಐದು ಲೈಟುಗಳಿವೆ. 23ರಿಂದ 5ಕ್ಕೆ ಇಳಿಯುವ ದಾರಿಯಲ್ಲಿ ಯಾವುದನ್ನು ಬಿಟ್ಟು ಯಾವುದನ್ನು ಆರಿಸಿಕೊಂಡೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಬ್ಲೆಂಡರ್‌ನಲ್ಲಿ ಒಂದಷ್ಟು ಕೈಯಾಡಿಸಿದವರು, ಆದರೆ ಶಿಫ್ಟ್ + ಎ ಒತ್ತಿದಾಗ ಬರುವ ಪಾಯಿಂಟ್, ಸನ್, ಸ್ಪಾಟ್, ಏರಿಯಾ ಎಂಬ ನಾಲ್ಕು ಹೆಸರುಗಳ ಮುಂದೆ ತಡವರಿಸುವವರು ಓದಲಿ ಎಂದು ಬರೆದದ್ದು.

ಮೊದಲು ಗಾತ್ರ, ಆಮೇಲೆ ವಾಟ್

ಹೊಸಬರು ಮೊದಲು ತಿರುಗಿಸುವುದು ಪವರ್ ಅನ್ನು. ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಚಿತ್ರ ನಿಜವೆನಿಸುವುದೋ ಇಲ್ಲವೋ ಎಂದು ಹೆಚ್ಚಾಗಿ ತೀರ್ಮಾನವಾಗುವುದು ನೆರಳಿನ ಅಂಚಿನಲ್ಲಿ, ಆ ಅಂಚು ಹುಟ್ಟುವುದು ಬೆಳಕಿನ ಮೂಲದ ಗಾತ್ರದಿಂದ. ಸಣ್ಣ ಮೂಲಕ್ಕೆ ಕತ್ತರಿಸಿದಂಥ ನೆರಳು, ದೊಡ್ಡ ಮೂಲಕ್ಕೆ ಕರಗಿದಂಥ ನೆರಳು. ಪಾಯಿಂಟ್ ಮತ್ತು ಸ್ಪಾಟ್‌ಗಳಿಗೆ ರೇಡಿಯಸ್ ಇದೆ, ಏರಿಯಾಕ್ಕೆ ಉದ್ದಗಲ ಇದೆ, ಸನ್‌ಗೆ ಆ್ಯಂಗಲ್ ಇದೆ. ಹೆಸರು ಬೇರೆ ಬೇರೆ, ಕೆಲಸ ಒಂದೇ.

ಸನ್‌ನ ಆ್ಯಂಗಲ್ 0.526 ಡಿಗ್ರಿ ಎಂದು ಇರುವುದಕ್ಕೆ ಕಾರಣ, ಭೂಮಿಯಿಂದ ನೋಡಿದಾಗ ಸೂರ್ಯನ ಬಿಂಬ ಹೆಚ್ಚುಕಡಿಮೆ ಅಷ್ಟೇ ಅಗಲ ಕಾಣುವುದು. ಲೆಕ್ಕ ಹಾಕಿದರೆ, ಮೂರು ಮೀಟರ್ ಎತ್ತರದ ಸೂರಿನ ಅಂಚು ನೆಟ್ಟನೆಯ ಬಿಸಿಲಲ್ಲಿ ನೆಲಕ್ಕೆ ಬಿಡುವ ನೆರಳಿನಲ್ಲಿ ಮೂರು ಸೆಂಟಿಮೀಟರಿನ ಆಸುಪಾಸು ಮಸುಕು ಇರಬೇಕು. ಕಂಬದ ಬುಡದಲ್ಲಿ ಚೂಪು, ಸೂರಿನಂಚಿನ ನೆರಳಲ್ಲಿ ಮಸುಕು. ಇದೊಂದು ಸರಿಯಾದರೆ ಬಿಸಿಲು ಬಿಸಿಲಿನ ಹಾಗೆ ಕಾಣುತ್ತದೆ. "ಮೃದುವಾಗಿ ಚೆನ್ನಾಗಿರಲಿ" ಎಂದು 5 ಡಿಗ್ರಿ ಮಾಡಿದಿರೋ, ತೆಳ್ಳನೆಯ ಮೋಡ ಕವಿದಂತಾಗುತ್ತದೆ. ಮೋಡವೇ ಬೇಕಿದ್ದರೆ ಸರಿ.

ಇನ್ನೊಂದು ಮಾತು: ಮನೆಯ ಅಳತೆ ನಿಜವಾದದ್ದೇ ಇರಲಿ. ಪಾಯಿಂಟ್, ಸ್ಪಾಟ್, ಏರಿಯಾ ಮೂರರ ಬೆಳಕೂ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ; ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ. ಮೂರು ಮೀಟರಿನ ಕಂಬವನ್ನು ಗೊತ್ತಿಲ್ಲದೆ ಮೂವತ್ತು ಮೀಟರ್ ಮಾಡಿಟ್ಟರೆ ಅಷ್ಟೇ ಬೆಳಕಿಗೆ ನೂರು ಪಟ್ಟು ವಾಟ್ ಬೇಕಾಗುತ್ತದೆ. "ನನ್ನ ಲೈಟು 5000 ವಾಟ್ ಕೊಟ್ಟರೂ ಬೆಳಗುತ್ತಿಲ್ಲ" ಎನ್ನುವವರ ಫೈಲಿನಲ್ಲಿ ಬಹಳ ಸಲ ಇದೇ ರೋಗ.

ಹಗಲಿಗೆ: ಸನ್, ಎಚ್‌ಡಿಆರ್‌ಐ, ಸ್ಕೈ ಟೆಕ್ಸ್ಚರ್

ತೊಟ್ಟಿಮನೆಯ ಹಗಲೆಂದರೆ ನಡುವಿನ ತೆರೆದ ಆಕಾಶ. ಅದಕ್ಕೆ ಮೂರು ದಾರಿಗಳಿವೆ.

ಎಚ್‌ಡಿಆರ್‌ಐ ಚಿತ್ರ (ಬೆಳಕಿನ ಏರಿಳಿತವನ್ನೂ ಹಿಡಿದಿಟ್ಟ, ಸುತ್ತಲಿನ ಆಕಾಶದ ಫೋಟೊ) ಹಾಕುವುದು ಎಲ್ಲಕ್ಕಿಂತ ಸುಲಭ. ಪಾಲಿ ಹೆವನ್‌ನಂಥ ತಾಣದಲ್ಲಿ ಯಾವ ಷರತ್ತೂ ಇಲ್ಲದೆ ಬಿಟ್ಟಿಯಾಗಿ ಸಿಗುತ್ತವೆ. ವರ್ಲ್ಡ್‌ಗೆ (ದೃಶ್ಯವನ್ನು ಸುತ್ತುವರಿದ ಆವರಣಕ್ಕೆ) ಜೋಡಿಸಿದರೆ ಐದು ನಿಮಿಷದಲ್ಲಿ ಆಕಾಶ, ಸೂರ್ಯ, ಹಿತ್ತಾಳೆ ಚೊಂಬಿನಲ್ಲಿ ಹೊಳೆಯುವ ಪ್ರತಿಬಿಂಬ ಎಲ್ಲ ಸಿದ್ಧ. ನನ್ನ ತಕರಾರು ಒಂದೇ: ಆ ಸೂರ್ಯ ನಮ್ಮ ಊರಿನವನಲ್ಲ. ಎಷ್ಟೋ ಎಚ್‌ಡಿಆರ್‌ಐಗಳು ಯುರೋಪಿನಲ್ಲಿ ತೆಗೆದವು, ಸೂರ್ಯ ತಗ್ಗಿನಲ್ಲಿರುತ್ತಾನೆ. ನಮ್ಮ ತೊಟ್ಟಿಗೆ ಹಾಕಿದರೆ ನಡುಮಧ್ಯಾಹ್ನವೂ ಬಿಸಿಲು ಅಂಗಳಕ್ಕೆ ಇಳಿಯದೆ ಗೋಡೆಯ ಮೇಲೆಯೇ ನಿಲ್ಲುತ್ತದೆ. ಮ್ಯಾಪಿಂಗ್ ನೋಡ್‌ನಲ್ಲಿ (ತಂತಿ ಎಳೆದು ಜೋಡಿಸುವ ಸೆಟ್ಟಿಂಗ್ ಪೆಟ್ಟಿಗೆಯಲ್ಲಿ) ಆಕಾಶವನ್ನು ಸುತ್ತ ತಿರುಗಿಸಬಹುದು, ಆದರೆ ಸೂರ್ಯನನ್ನು ಮೇಲಕ್ಕೆತ್ತಲು ಹೋದರೆ ದಿಗಂತವೇ ವಾಲುತ್ತದೆ.

ಮಲೆನಾಡಿನ ನಮ್ಮ ಊರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಮತ್ತೆ ಆಗಸ್ಟ್‌ನಲ್ಲಿ ಒಂದು ದಿನ, ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ, ಕಂಬಕ್ಕೆ ನೆರಳೇ ಇರುವುದಿಲ್ಲ. ಬ್ಲೆಂಡರ್‌ನಲ್ಲಿ ಸನ್‌ನ ರೊಟೇಷನ್ ಮೂರೂ ಸೊನ್ನೆಯಿದ್ದರೆ ಬೆಳಕು ನೆಟ್ಟಗೆ ಕೆಳಕ್ಕೆ ಬೀಳುತ್ತದಲ್ಲ, ಅದೇ ಶೂನ್ಯ ನೆರಳಿನ ದಿನ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ ದಿಗಂತದಿಂದ 52–53 ಡಿಗ್ರಿ ಎತ್ತರದಲ್ಲಿರುತ್ತಾನೆ. ಉತ್ತರದ ಜಗಲಿಗೆ ಬಿಸಿಲು ಬರುವುದು ಆಗಲೇ. ಮನೆ ಕಟ್ಟಿದವರಿಗೆ ಈ ಲೆಕ್ಕ ಗೊತ್ತಿತ್ತು, ಚಳಿಗಾಲದಲ್ಲಿ ಹಪ್ಪಳ ಒಣಗಿಸುವ ಜಾಗ ಅದೇ ಆಗಿತ್ತು.

ಈ ಕಾರಣಕ್ಕೆ ಲೆಕ್ಕದಿಂದಲೇ ಆಕಾಶ ಮೂಡಿಸುವ ಸ್ಕೈ ಟೆಕ್ಸ್ಚರ್ ನನಗೆ ಹಿಡಿಸಿತು. 2.90 ಆವೃತ್ತಿಯಲ್ಲಿ ಬಂದ ನಿಶಿತಾ ಮಾದರಿಯಲ್ಲಿ ಸೂರ್ಯನ ಎತ್ತರ, ದಿಕ್ಕು ಎರಡನ್ನೂ ಸಂಖ್ಯೆಯಲ್ಲೇ ಕೊಡಬಹುದು. ಎತ್ತರ ಇಳಿಸುತ್ತ ಹೋದರೆ ಆಕಾಶ ತಾನೇ ಕೆಂಪಾಗುತ್ತದೆ. ಆದರೆ ನಾನು ಅದರೊಳಗಿನ ಸೂರ್ಯಬಿಂಬವನ್ನು ಆರಿಸಿ, ಆಕಾಶವನ್ನಷ್ಟೇ ಇಟ್ಟುಕೊಂಡು, ಬಿಸಿಲಿಗೆ ಬೇರೆ ಸನ್ ಲೈಟು ಹಾಕುತ್ತೇನೆ. ಬಿಸಿಲು ಬೇರೆ, ಆಕಾಶ ಬೇರೆ ಇದ್ದರೆ ಎರಡನ್ನೂ ಪ್ರತ್ಯೇಕವಾಗಿ ಏರಿಸಿ ಇಳಿಸಬಹುದು. ಸೂರ್ಯನ ಕೋನ ಮಾತ್ರ ಎರಡೂ ಕಡೆ ಒಂದೇ ಇರಲಿ, ಇಲ್ಲದಿದ್ದರೆ ಆಕಾಶದ ಬೆಳಗು ಒಂದು ಕಡೆ, ನೆರಳು ಇನ್ನೊಂದು ಕಡೆ ಆಗುತ್ತದೆ.

ಎಚ್‌ಡಿಆರ್‌ಐ ಗೆಲ್ಲುವುದು ಮಳೆಗಾಲದಲ್ಲಿ. ಜೂನ್ 21ಕ್ಕೆ ಸೂರ್ಯ ಉತ್ತರಕ್ಕೆ ವಾಲಿ 80 ಡಿಗ್ರಿ ಎತ್ತರದಲ್ಲಿರುತ್ತಾನೆ ಎಂದು ಲೆಕ್ಕ ಹೇಳುತ್ತದೆ. ಮಲೆನಾಡಿನಲ್ಲಿ ಅವತ್ತು ಅವನನ್ನು ಕಂಡವರು ಯಾರು? ಮೋಡ ಕವಿದ ಎಚ್‌ಡಿಆರ್‌ಐ ಯಾವ ದೇಶದ್ದಾದರೂ ನಡೆಯುತ್ತದೆ. ಅದೊಂದನ್ನೇ ಹಾಕಿ, ಸನ್ ತೆಗೆದುಬಿಡಿ.

ನಿಜವಾದ ಅಂಕಿಯೋ, ಅನುಕೂಲದ ಅಂಕಿಯೋ

ಸನ್‌ನ ಅಳತೆ ಚದರ ಮೀಟರಿಗೆ ಇಷ್ಟು ವಾಟ್ ಎಂದು. ಬ್ಲೆಂಡರ್ ಕೈಪಿಡಿಯ ಪ್ರಕಾರ ಸ್ವಚ್ಛ ಆಕಾಶದ ಬಿಸಿಲಿಗೆ 1000, ದಟ್ಟ ಮೋಡಕ್ಕೆ 200. ಬೇರೆ ಲೈಟುಗಳ ವಾಟ್ ಎಂದರೆ ಬಲ್ಬಿನ ಡಬ್ಬಿಯ ಮೇಲೆ ಬರೆದಿರುವ ವಾಟ್ ಅಲ್ಲ. ಡಬ್ಬಿಯ ಮೇಲಿನದು ಬಲ್ಬು ಎಳೆದುಕೊಳ್ಳುವ ಕರೆಂಟಿನ ಲೆಕ್ಕ, ಬ್ಲೆಂಡರ್‌ನದು ಹೊರಬರುವ ಬೆಳಕಿನ ಲೆಕ್ಕ. ಹಾಗಾಗಿ 800 ಲೂಮೆನ್‌ನ ಎಲ್‌ಇಡಿ ಬಲ್ಬಿಗೆ ಕೈಪಿಡಿ ಹೇಳುವುದು ಬರೀ 2.1 ವಾಟ್, 2500 ಲೂಮೆನ್‌ನ ಟ್ಯೂಬ್‌ಲೈಟಿಗೆ 4.5, ಮೇಣದ ಬತ್ತಿಗೆ 0.05. ಹೊಸ ಫೈಲು ತೆರೆದಾಗ ಕಾಣುವ ಡಬ್ಬದ ಪಕ್ಕದ ಪಾಯಿಂಟ್ ಲೈಟಿಗೆ 1000 ವಾಟ್ ಇರುತ್ತದೆ. ಅದನ್ನೇ ನೋಡಿ ಕಲಿತವರು ನಾವು, ಅದಕ್ಕೇ ದಾರಿ ತಪ್ಪುತ್ತೇವೆ.

ನಿಜವಾದ ಅಂಕಿಗಳನ್ನೇ ಹಾಕಬೇಕೇ? ಸನ್‌ಗೆ 1000 ಕೊಟ್ಟು ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಪೋಷರ್ −8 ಮಾಡುವುದೂ, ಸನ್‌ಗೆ 4 ಕೊಟ್ಟು ಎಕ್ಸ್‌ಪೋಷರ್ ಸೊನ್ನೆಯಲ್ಲೇ ಬಿಡುವುದೂ ಕಣ್ಣಿಗೆ ಸರಿಸುಮಾರು ಒಂದೇ, ಏಕೆಂದರೆ ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ. ಆದರೆ ಸೈಕಲ್ಸ್‌ನಲ್ಲಿ (ಬೆಳಕಿನ ಕಿರಣಗಳನ್ನು ಬೆನ್ನಟ್ಟಿ ರೆಂಡರ್ ಮಾಡುವ, ಅಂದರೆ ಅಂತಿಮ ಚಿತ್ರ ಮೂಡಿಸುವ, ಬ್ಲೆಂಡರ್ ಎಂಜಿನ್) ಒಂದು ಒಳಗುಟ್ಟು ಇದೆ. ಕ್ಲಾಂಪ್ ಇಂಡೈರೆಕ್ಟ್ ಎಂಬ ಮಿತಿ ಮೊದಲಿನಿಂದಲೇ 10 ಎಂದು ಇರುತ್ತದೆ, ಗೋಡೆಯಿಂದ ಪುಟಿದು ಬರುವ ಬೆಳಕಿನಲ್ಲಿ ಅದಕ್ಕಿಂತ ಹೆಚ್ಚಿನದನ್ನು ಕತ್ತರಿಸುತ್ತದೆ. ಸನ್ 1000 ಇದ್ದಾಗ ಪುಟಿದ ಬೆಳಕೆಲ್ಲ 10ಕ್ಕಿಂತ ಎಷ್ಟೋ ಮೇಲಿರುತ್ತದೆ. ಅಂಗಳಕ್ಕೆ ಬಿಸಿಲು ಬಿದ್ದರೂ ಜಗಲಿ ಕತ್ತಲಾಗಿದ್ದುದಕ್ಕೆ ನಾನು ಒಂದು ವಾರ ಕಾರಣ ಹುಡುಕಿದ್ದೆ, ಇದೇ ಅದು. ಅಂದಿನಿಂದ ಹಗಲಿನ ದೃಶ್ಯಕ್ಕೆ ಅನುಕೂಲದ ಅಂಕಿ: ಸನ್ 4, ಆಕಾಶದ ಸ್ಟ್ರೆಂತ್ 0.1–0.2ರ ಸುತ್ತಮುತ್ತ. ರಾತ್ರಿಯ ದೃಶ್ಯಕ್ಕೆ ಮಾತ್ರ ನಿಜವಾದ ಅಂಕಿ, ಎಕ್ಸ್‌ಪೋಷರ್ ಏರಿಸಿಕೊಂಡು.

ಅಂಗಳದ ಬಾಯಿಗೆ: ಪೋರ್ಟಲ್ ಅಥವಾ ಏರಿಯಾ

ಆಕಾಶದ ಬೆಳಕು ಸಣ್ಣ ಬಾಯಿಯಿಂದ ಒಳಗಿಳಿಯಬೇಕಾದಾಗ ಸೈಕಲ್ಸ್ ತಡಕಾಡುತ್ತದೆ, ಚಿತ್ರ ಕಾಳುಕಾಳಾಗುತ್ತದೆ. ಏರಿಯಾ ಲೈಟೊಂದನ್ನು ಅಂಗಳದ ಬಾಯಿಯಷ್ಟೇ ಅಗಲ ಮಾಡಿ, ಕೆಳಮುಖವಾಗಿಟ್ಟು, ಪೋರ್ಟಲ್ ಎಂಬ ಗುರುತು ಹಾಕಿದರೆ ಅದು ತಾನು ಬೆಳಗುವುದಿಲ್ಲ. "ಬೆಳಕು ಬರುವುದು ಇಲ್ಲಿಂದ" ಎಂದು ದಾರಿ ತೋರಿಸುತ್ತದೆ ಅಷ್ಟೆ. ವರ್ಲ್ಡ್‌ನ ಬೆಳಕಿಗೆ ಮಾತ್ರ ಇದರ ಉಪಯೋಗ, ಸನ್ ಲೈಟಿಗೆ ಸಂಬಂಧವಿಲ್ಲ. ಒಂದೊಂದು ಸ್ಯಾಂಪಲ್ಲಿಗೆ (ಕಿರಣಗಳ ಲೆಕ್ಕದ ಒಂದೊಂದು ಸುತ್ತಿಗೆ) ಸ್ವಲ್ಪ ಹೆಚ್ಚು ಹೊತ್ತು ಹಿಡಿದರೂ ಕಾಳು ಕಡಿಮೆಯಾಗುವುದರಿಂದ ಒಟ್ಟಿನಲ್ಲಿ ಲಾಭವೇ.

ಇದರ ಬದಲು ಅದೇ ಜಾಗದಲ್ಲಿ ನೀಲಿ ಛಾಯೆಯ ನಿಜವಾದ ಏರಿಯಾ ಲೈಟು ಇಡುವುದು ಹಳೆಯ ಅಭ್ಯಾಸ. ವೇಗ ಜಾಸ್ತಿ, ಮಾತು ಕೇಳುತ್ತದೆ. ಆದರೆ ಅಂಗಳದ ಮೂಲೆಯಿಂದ ನೋಡಿದಾಗ ಮೋಡ, ಸಂಜೆಯ ಕೆಂಪು ಒಂದೂ ಒಳಗೆ ಬರುವುದಿಲ್ಲ. ಸ್ಥಿರಚಿತ್ರಕ್ಕೆ ಪೋರ್ಟಲ್, ಅವಸರದ ಕೆಲಸಕ್ಕೆ ಏರಿಯಾ. ನನ್ನ ಮನೆಗೆ ಒಂದೇ ಪೋರ್ಟಲ್ ಸಾಕಾಯಿತು.

ಅಡುಗೆಮನೆಯ ಗಾಜಿನ ಹಂಚು

ಹೊಗೆ ತುಂಬಿದ ಅಡುಗೆಮನೆಗೆ ಗಾಜಿನ ಹಂಚಿನಿಂದ ಇಳಿಯುವ ಬಿಸಿಲುಕೋಲು ನನಗೆ ಬೇಕೇ ಬೇಕಿತ್ತು. ಅತಿ ಹೆಚ್ಚು ತಪ್ಪು ಮಾಡಿದ್ದೂ ಇಲ್ಲೇ.

ಮೊದಲು ಹಂಚಿಗೆ ಗ್ಲಾಸ್ ಶೇಡರ್ (ಗಾಜಿನ ಗುಣ ಕೊಡುವ ಲೇಪ) ಹಚ್ಚಿದೆ. ಬಿಸಿಲು ಒಳಗೆ ಬರಲೇ ಇಲ್ಲ. ಗಾಜಿನಲ್ಲಿ ಬಾಗಿ ಬರುವ ಬೆಳಕನ್ನು ಹುಡುಕಿ ಹಿಡಿಯುವುದು ಸೈಕಲ್ಸ್‌ಗೆ ಕಷ್ಟ, ನೆರಳಿನ ಲೆಕ್ಕದಲ್ಲಿ ಗಾಜು ಗೋಡೆಯಂತೆಯೇ ಅಡ್ಡ ನಿಲ್ಲುತ್ತದೆ. ಲೈಟ್ ಪಾತ್ ನೋಡ್‌ನ ಶ್ಯಾಡೋ ರೇ ತಂತಿಯನ್ನು ಮಿಕ್ಸ್ ಶೇಡರ್‌ಗೆ ಕೊಟ್ಟು, ನೆರಳಿನ ಲೆಕ್ಕಕ್ಕೆ ಮಾತ್ರ ಗಾಜು ಪಾರದರ್ಶಕವಾಗುವಂತೆ ಮಾಡಿದ ಮೇಲೆ ಬಿಸಿಲು ಇಳಿಯಿತು. ಕಿಟಕಿಯ ಗಾಜಿಗೂ ಇದೇ ಮದ್ದು. ಗಾಜು ಕ್ಯಾಮೆರಾಕ್ಕೆ ಕಾಣದಿದ್ದರೆ ಅದನ್ನು ತೆಗೆದೇಬಿಡುವುದು ಇನ್ನೂ ಒಳ್ಳೆಯದು.

ಬಿಸಿಲುಕೋಲು ಕಾಣಬೇಕಾದರೆ ಗಾಳಿಯಲ್ಲಿ ಹೊಗೆ ಬೇಕು, ಅಂದರೆ ವಾಲ್ಯೂಮ್. ಸನ್ ಜೊತೆ ವಾಲ್ಯೂಮ್ ಸೇರಿದರೆ ನನ್ನ ಕಂಪ್ಯೂಟರು ಉಸಿರುಗಟ್ಟುತ್ತದೆ. ಹಾಗಾದರೆ ಸ್ಪಾಟ್ ಇಡೋಣ ಎಂದು ಹಂಚಿನ ಎರಡು ಮೀಟರ್ ಮೇಲೆ ಇಟ್ಟೆ. ಕೋಲು ಬರಲಿಲ್ಲ, ಶಂಕು ಬಂತು: ಮೇಲೆ ಸಣ್ಣದು, ಕೆಳಗೆ ಅಗಲ. ಸೂರ್ಯನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರ, ಸ್ಪಾಟಿನವು ಬಿಚ್ಚಿಕೊಳ್ಳುತ್ತವೆ. ಸ್ಪಾಟನ್ನು ಇಪ್ಪತ್ತು ಮೀಟರ್ ಮೇಲಕ್ಕೆ ಒಯ್ದು ಕೋನ ಕಿರಿದು ಮಾಡಬಹುದು. ಆಗ ದೂರ ಹತ್ತು ಪಟ್ಟು, ವಾಟ್ ನೂರು ಪಟ್ಟು.

ಕೊನೆಗೆ ನಿಂತದ್ದು ಏರಿಯಾ ಲೈಟು. ಅದಕ್ಕೆ ಸ್ಪ್ರೆಡ್ ಎಂಬ ಗುಣ 2.93ರಲ್ಲಿ ಬಂತು. ಹಂಚಿನಷ್ಟೇ ಅಳತೆಯ ಏರಿಯಾವನ್ನು ಹಂಚಿನ ಕೆಳಗೇ ಇಟ್ಟು, ಸನ್‌ನ ಕೋನಕ್ಕೆ ತಿರುಗಿಸಿ, ಸೈಕಲ್ಸ್‌ನಲ್ಲಿ ಸ್ಪ್ರೆಡ್ ಮೂರ್ನಾಲ್ಕು ಡಿಗ್ರಿಗೆ ಇಳಿಸಿದರೆ ಕೋಲು ಕೋಲಾಗಿಯೇ ಇಳಿಯುತ್ತದೆ. ಅದು ಮೋಸ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ಹೊಗೆ ಚೆನ್ನಾಗಿ ಬಂದಿದೆ. ಸ್ಪಾಟ್‌ನ ನಿಜವಾದ ಜಾಗ ಟಾರ್ಚು, ವಾಹನದ ದೀಪ, ಚಾವಣಿಯಲ್ಲಿ ಹುದುಗಿಸಿದ ಲೈಟು. ಅಂಥವು ಈ ಮನೆಯಲ್ಲಿ ಇರಲಿಲ್ಲ.

ರಾತ್ರಿಗೆ: ದೀಪ ಮತ್ತು ಟ್ಯೂಬ್‌ಲೈಟು

ದೇವರ ಗೂಡಿನ ದೀಪಕ್ಕೆ ಪಾಯಿಂಟ್ ಲೈಟು, ರೇಡಿಯಸ್ ಒಂದು ಸೆಂಟಿಮೀಟರ್, ಪವರ್ 0.05. ಕಾಣುವ ಕುಡಿಗೆ ಎಮಿಷನ್ (ತಾನೇ ಹೊಳೆಯುವ ಶೇಡರ್) ಹಚ್ಚಿದ ಪುಟ್ಟ ಮೆಶ್, ಅಂದರೆ ಆಕೃತಿ. ಎರಡನ್ನೂ ಒಂದೇ ಜಾಗದಲ್ಲಿಟ್ಟರೆ ಕುಡಿಯ ಮೆಶ್ ತನ್ನೊಳಗಿನ ಪಾಯಿಂಟನ್ನೇ ಮುಚ್ಚಿಬಿಡುತ್ತದೆ. ಆ ಮೆಶ್‌ನ ರೇ ವಿಸಿಬಿಲಿಟಿಯಲ್ಲಿ ಶ್ಯಾಡೋ ತೆಗೆಯಿರಿ. ಎಮಿಷನ್ ಮೆಶ್ ಒಂದೇ ಸಾಲದೇ ಎಂದರೆ, ಸೈಕಲ್ಸ್‌ನಲ್ಲಿ ಸಾಕು, ಕಾಳು ಮಾತ್ರ ಜಾಸ್ತಿ. ಬ್ಲೆಂಡರಿನ ಇನ್ನೊಂದು, ವೇಗದ ರೆಂಡರ್ ಎಂಜಿನ್ ಆದ ಈವಿಯಲ್ಲಿ ಸಾಲದು. ಅಲ್ಲಿ ಎಮಿಷನ್ ತಾನು ಹೊಳೆಯುತ್ತದೆ, ಸುತ್ತ ಬೆಳಗಲು ಬೇರೆ ಏರ್ಪಾಡು ಬೇಕು.

ಟ್ಯೂಬ್‌ಲೈಟಿಗೆ 1.2 ಮೀಟರ್ ಉದ್ದದ, ಮೂರು ಸೆಂಟಿಮೀಟರ್ ಅಗಲದ ಆಯತಾಕಾರದ ಏರಿಯಾ. ಏರಿಯಾ ಒಂದೇ ಮುಖಕ್ಕೆ ಬೆಳಕು ಚೆಲ್ಲುತ್ತದೆ, ಗೋಡೆಗೆ ಆನಿಸಿದ ಪಟ್ಟಿಗೆ ಅಷ್ಟು ಸಾಕು. ತೊಲೆಗೆ ತೂಗುಹಾಕಿದ ಬರೀ ಟ್ಯೂಬಾದರೆ ಎಮಿಷನ್ ಹಚ್ಚಿದ ಕೊಳವೆಯೇ ಸರಿ, ಇಲ್ಲವಾದರೆ ಮೇಲಿನ ಅಟ್ಟ ಕಪ್ಪಾಗಿ ಉಳಿಯುತ್ತದೆ. ಬಣ್ಣಕ್ಕೆ ಬ್ಲ್ಯಾಕ್‌ಬಾಡಿ ನೋಡ್: ಟ್ಯೂಬಿಗೆ 6500 ಕೆಲ್ವಿನ್, ಹಳದಿ ಬಲ್ಬಿಗೆ 2700, ಎಣ್ಣೆದೀಪಕ್ಕೆ 1900.

ಎರಡನ್ನೂ ಹಚ್ಚಿದಾಗ ದೀಪದ ಬೆಳಕೇ ಕಾಣಲಿಲ್ಲ. 4.5ಕ್ಕೂ 0.05ಕ್ಕೂ 90 ಪಟ್ಟು ಅಂತರ. ದೀಪವನ್ನು 2 ವಾಟ್‌ಗೆ ಏರಿಸಿದೆ, ಗೂಡಿನಲ್ಲಿ ಬೆಂಕಿ ಬಿದ್ದಂತಾಯಿತು. ಆಮೇಲೆ ನೆನಪಾಯಿತು, ಆ ಮನೆಯಲ್ಲಿ ದೀಪ ಬೆಳಗಿದ್ದನ್ನು ನಾನು ನೋಡಿದ್ದೆಲ್ಲ ಕರೆಂಟು ಹೋದಾಗಲೇ. ಟ್ಯೂಬನ್ನು ಆರಿಸಿ, ಎಕ್ಸ್‌ಪೋಷರ್ ಏರಿಸಿದೆ. ರಾತ್ರಿಯ ಚಿತ್ರ ಎರಡಾಯಿತು, ಎರಡೂ ನಿಜವಾದವು.

ಇಡುವುದು ಹೇಗೆ

ಜಿ ಒತ್ತಿ ಎಳೆದು, ಆರ್ ಒತ್ತಿ ತಿರುಗಿಸುವುದು ಎಲ್ಲರಿಗೂ ಗೊತ್ತು. ಮೂರು ಆಯಾಮದಲ್ಲಿ ಅದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದಂತೆ. ಲೈಟು ಆಯ್ದು ಶಿಫ್ಟ್ + ಟಿ ಒತ್ತಿ, ಮೌಸನ್ನು ಬೇಕಾದ ಜಾಗಕ್ಕೆ ಒಯ್ದರೆ ಲೈಟು ಅತ್ತ ಮುಖ ಮಾಡುತ್ತದೆ. ಒಂದು ಸಲ ಇಟ್ಟು ಬಿಡುವ ಲೈಟಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಜಾಗ ಬದಲಿಸುತ್ತಲೇ ಇರುವ ಲೈಟಿಗೆ ಟ್ರ್ಯಾಕ್ ಟು ಕಟ್ಟಿ ಒಂದು ಎಂಪ್ಟಿಯನ್ನು (ಚಿತ್ರದಲ್ಲಿ ಕಾಣದ ಬರೀ ಗುರುತನ್ನು) ಗುರಿಯಾಗಿ ಕೊಡಿ. ಲೈಟನ್ನು ಎಲ್ಲಿಗೆ ಎಳೆದರೂ ಕಣ್ಣು ಗುರಿಯ ಮೇಲೆಯೇ ಇರುತ್ತದೆ.

ನನಗೆ ಅತಿ ಇಷ್ಟವಾದದ್ದು ಮೂರನೆಯದು: ಲೈಟು ಆಯ್ದು ಕಂಟ್ರೋಲ್ + ನಂಪ್ಯಾಡ್ ಸೊನ್ನೆ. ಲೈಟೇ ಕ್ಯಾಮೆರಾ ಆಗಿ, ಅದರ ಕಣ್ಣಿನಿಂದ ಮನೆ ಕಾಣುತ್ತದೆ. ಲೈಟಿಗೆ ಕಾಣದ್ದು ನೆರಳಿನಲ್ಲಿದೆ ಎಂದರ್ಥ. ಕಂಬದ ಅಡ್ಡನೆರಳಿನ ಮೂಲ ಹೀಗೇ ಸಿಕ್ಕಿತ್ತು. ಮುಗಿದ ಮೇಲೆ ಕ್ಯಾಮೆರಾ ಆಯ್ದು ಅದೇ ಕೀಲಿ ಒತ್ತಿ ಹಿಂತಿರುಗಲು ಮರೆಯಬೇಡಿ.

ಸನ್ ಎಲ್ಲಿದ್ದರೂ ಒಂದೇ, ತಿರುಗಿಸುವುದಷ್ಟೇ ಲೆಕ್ಕ. ಕೈಗೆ ಸಿಗುವಂತೆ ಸೂರಿನ ಮೇಲೆ ನಿಲ್ಲಿಸಿ.

ನಿಭಾಯಿಸುವುದು

ಲೈಟಿಗೆ ಹೆಸರಿಡಿ. "ಏರಿಯಾ.007" ಯಾವುದೆಂದು ಮರುದಿನ ನಿಮಗೇ ತಿಳಿಯುವುದಿಲ್ಲ. ಹೊತ್ತಿಗೊಂದು ಕಲೆಕ್ಷನ್ ಮಾಡಿ, ಮಧ್ಯಾಹ್ನ, ಮುಸ್ಸಂಜೆ, ರಾತ್ರಿ ಎಂದು. ಒಂದರ ಕಣ್ಣು ಮುಚ್ಚಿ ಇನ್ನೊಂದರದು ತೆರೆದರೆ ಹೊತ್ತು ಬದಲಾಗುತ್ತದೆ. ಒಂದೇ ಥರದ ಬಲ್ಬುಗಳನ್ನು ಶಿಫ್ಟ್ + ಡಿ ಬದಲು ಆಲ್ಟ್ + ಡಿ ಒತ್ತಿ ನಕಲು ಮಾಡಿದರೆ ಎಲ್ಲಕ್ಕೂ ಒಂದೇ ಡೇಟಾ, ಒಂದರ ವಾಟ್ ಬದಲಿಸಿದರೆ ಎಲ್ಲದರದೂ ಬದಲಾಗುತ್ತದೆ. ದೀಪಾವಳಿಯ ಚಿತ್ರಕ್ಕೆ ಜಗಲಿಯ ಉದ್ದಕ್ಕೂ 60 ಹಣತೆ ಹಚ್ಚಿದ್ದು ಹೀಗೆ, 3.5ರಲ್ಲಿ ಸೈಕಲ್ಸ್‌ಗೆ ಬಂದ ಲೈಟ್ ಟ್ರೀ (ಬಹಳ ಲೈಟುಗಳಿದ್ದಾಗ ಮುಖ್ಯವಾದವುಗಳ ಕಡೆ ಹೆಚ್ಚು ಗಮನ ಕೊಡುವ ವಿಧಾನ) ಇಂಥ ಕಡೆ ಬಹಳ ಉಪಕಾರ ಮಾಡುತ್ತದೆ.

ಇನ್ನೆರಡು ಸೌಲಭ್ಯಗಳನ್ನು ಜನ ಗೊಂದಲ ಮಾಡಿಕೊಳ್ಳುತ್ತಾರೆ. 3.2ರಲ್ಲಿ ಬಂದ ಲೈಟ್ ಗ್ರೂಪ್, ರೆಂಡರ್ ಮುಗಿದ ಮೇಲೆ ಕೆಲಸಕ್ಕೆ ಬರುವಂಥದ್ದು. ಬಿಸಿಲು, ಆಕಾಶ, ದೀಪ ಒಂದೊಂದರ ಬೆಳಕೂ ಬೇರೆ ಬೇರೆ ಪದರವಾಗಿ ಬರುತ್ತದೆ; ಪದರಗಳನ್ನು ಬೆರೆಸುವ ಕಾಂಪೋಸಿಟರ್‌ನಲ್ಲಿ ಏರಿಸಿ, ಇಳಿಸಿ, ಬಣ್ಣ ಬದಲಿಸಿ ಕೂಡಿಸಬಹುದು. ಲೈಟಿನ ಜಾಗ ಬದಲಿಸಲು ಮಾತ್ರ ಆಗದು. "ದೀಪ ಇನ್ನೊಂಚೂರು ಜಾಸ್ತಿ ಇರಲಿ" ಎನ್ನುವ ಗಿರಾಕಿ ಇದ್ದರೆ ಇದು ನಿಮ್ಮ ರಾತ್ರಿಗಳನ್ನು ಉಳಿಸುತ್ತದೆ. 4.0ರಲ್ಲಿ ಸೈಕಲ್ಸ್‌ಗೂ 4.3ರಲ್ಲಿ ಈವಿಗೂ ಬಂದ ಲೈಟ್ ಲಿಂಕಿಂಗ್ ರೆಂಡರ್‌ಗೆ ಮೊದಲಿನ ಕೆಲಸ: ಈ ಲೈಟು ಈ ವಸ್ತುವಿಗೆ ಮಾತ್ರ ಎಂದು ಕಟ್ಟುಹಾಕುವುದು. ಹಿತ್ತಾಳೆ ಹಂಡೆಗೆ ಒಂದು ಹೊಳಪು ಬೇಕು, ನೆಲಕ್ಕೆ ಆ ಬೆಳಕು ಬೀಳಬಾರದು ಎಂದರೆ ಇದು. ಒಂದೆರಡು ಕಡೆ ಬಳಸಿದರೆ ಚೆಂದ. ಹತ್ತು ಕಡೆ ಬಳಸಿದರೆ ಹಂಡೆ ಬೇರೆ ಲೋಕದಿಂದ ಬಂದು ಕೂತಂತೆ ಕಾಣುತ್ತದೆ.

ಸೈಕಲ್ಸ್ ಬೇಕೋ ಈವಿ ಬೇಕೋ ಎಂಬ ಪ್ರಶ್ನೆಗೆ ಈ ಮನೆಯ ಮಟ್ಟಿಗೆ ನನ್ನ ಉತ್ತರ ಚಿಕ್ಕದು. ತೊಟ್ಟಿಮನೆಯ ಒಳಬೆಳಕಿನಲ್ಲಿ ಬಹುಪಾಲು ಕೆಂಪು ನೆಲದಿಂದ, ಸುಣ್ಣದ ಗೋಡೆಯಿಂದ ಪುಟಿದದ್ದು. ಸೈಕಲ್ಸ್ ಅದನ್ನು ತಾನಾಗಿಯೇ ಲೆಕ್ಕ ಹಾಕುತ್ತದೆ. 4.2ರಲ್ಲಿ ಹೊಸದಾಗಿ ಬರೆದ ಈವಿ ಮೊದಲಿಗಿಂತ ಎಷ್ಟೋ ವಾಸಿ, ಆದರೂ ಮನೆತುಂಬ ಲೈಟ್ ಪ್ರೋಬ್ (ಪುಟಿದ ಬೆಳಕನ್ನು ಹಿಡಿದಿಡುವ ಬಿಂದುಗಳು) ಹರಡಿ ಬೇಕ್ ಮಾಡಬೇಕು, ಅಂದರೆ ಮೊದಲೇ ಲೆಕ್ಕ ಹಾಕಿಡಬೇಕು, ಬಾಗಿಲ ಸಂದಿಯಲ್ಲಿ ಬೆಳಕು ಸೋರುವುದನ್ನು ನೋಡಿಕೊಳ್ಳಬೇಕು. ಮನೆಯೊಳಗೆ ನಡೆದಾಡುವ ವೀಡಿಯೋ ಮಾಡುವುದಾದರೆ ಈವಿ, ಗೋಡೆಗೆ ತೂಗುವ ಚಿತ್ರಕ್ಕೆ ಸೈಕಲ್ಸ್.

ಆರನೆಯದೊಂದು ಲೈಟು ಇತ್ತು: ಅಡುಗೆಮನೆಯ ಹಿಂಮೂಲೆ ತೀರಾ ಕತ್ತಲಾಯಿತೆಂದು ಕ್ಯಾಮೆರಾದ ಹಿಂದೆ ಇಟ್ಟಿದ್ದ ಮಂದ ಏರಿಯಾ. ಚಿತ್ರವನ್ನು ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಎಲ್ಲ ಸರಿ ಕಣೋ, ಒಲೆ ಹಿಂದಿನ ಬೆಳಕು ಈ ಕಡೆಯಿಂದ ಬರ್ತಿರ್ಲಿಲ್ಲ. ಬಚ್ಚಲಿಗೆ ಹೋಗೋ ಬಾಗಿಲು ಯಾವತ್ತೂ ತೆಗೆದೇ ಇರ್ತಿತ್ತಲ್ಲ" ಎಂದರು. ನಾನು ಆ ಬಾಗಿಲನ್ನು ಮುಚ್ಚಿಯೇ ಮಾಡೆಲ್ ಮಾಡಿದ್ದೆ. ಬಾಗಿಲು ತೆಗೆದೆ, ಏರಿಯಾ ಅಳಿಸಿದೆ, ಮತ್ತೆ ರೆಂಡರ್‌ಗೆ ಹಾಕಿ ಊಟಕ್ಕೆ ಕೂತೆ.